ಗುವಾಹಟಿಯಿಂದ ಹೊಸದುರ್ಗಕ್ಕೆ ಎಷ್ಟು ಹೊತ್ತು

ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಸೀಟಿ ಊದಿದ ಪಾಪಣ್ಣ ಹೊಸದುರ್ಗದ ಸೀಮೆಗೆಲ್ಲ ದಾರಿಯ ಪಂಚಾಂಗ. ಹೊಳಲ್ಕೆರೆಗೆ ಎಷ್ಟು ಹೊತ್ತು, ಹಿರಿಯೂರಿನಲ್ಲಿ ಬಸ್ಸು ಬದಲಿಸಿದರೆ ಎಷ್ಟು ಹೊತ್ತು ಎಂದು ಮದುವೆ ದಿಬ್ಬಣದವರೂ ಅವನನ್ನು ಕೇಳಿಯೇ ಹೊರಡುತ್ತಿದ್ದರು. ಲೆಕ್ಕ ತಪ್ಪುತ್ತಿರಲಿಲ್ಲ, ನಿಜ. ಆದರೆ ಗೊತ್ತಿಲ್ಲ ಎನ್ನುವ ಮಾತು ಮಾತ್ರ ಆ ಬಾಯಲ್ಲಿ ಹುಟ್ಟಿರಲೇ ಇಲ್ಲ. ಅದೇ ಕೇಡಾಯಿತು.

೧೯೯೯ರ ಮೇ ತಿಂಗಳ ಒಂದು ಸಂಜೆ ಅವನ ಅಕ್ಕ ಏಕನಾಥಮ್ಮ ತೀರಿಕೊಂಡಳು. ಅವಳ ಒಬ್ಬನೇ ಮಗ ಹನುಮೇಶ್ ಗುವಾಹಟಿಯಲ್ಲಿ ಮಿಲಿಟರಿಯಲ್ಲಿದ್ದ. ಸೊಸೆ ಮರುಳಸಿದ್ದಮ್ಮ ಎಸ್‌ಟಿಡಿ ಬೂತಿಗೆ ಓಡಿ, ಗಂಡನಿಗೆ ಸುದ್ದಿ ಮುಟ್ಟಿಸಿ ಬಂದಳು.

"ಬೆಳಿಗ್ಗೆ ವಿಮಾನಕ್ಕೆ ಹೊರಡ್ತಾರಂತೆ ಮಾವ. ನಾಳೆ ಹೊತ್ತು ಮುಳುಗೋದ್ರೊಳಗೆ ಬರ್ತೀನಿ, ಅವ್ವನ ಮುಖ ನೋಡ್ಬೇಕು, ಇಟ್ಕಂಡಿರ್ರಿ ಅಂದ್ರು."

ತವರಿನವರು ಒಪ್ಪದೆ ಹೆಣ್ಣುಮಗಳ ಹೆಣ ಎತ್ತುವಂತಿಲ್ಲ. ಅಕ್ಕನ ತವರಲ್ಲಿ ಉಳಿದಿದ್ದವನು ಪಾಪಣ್ಣ ಒಬ್ಬನೇ. ಮರುದಿನ ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಹಂಚು ಕಾದು, ಊದುಬತ್ತಿ ಎಷ್ಟು ಹಚ್ಚಿದರೂ ವಾಸನೆ ನಿಲ್ಲಲಿಲ್ಲ. ಹಿರಿಯರೆಲ್ಲ ಅವನ ಮುಖ ನೋಡಿದರು.

"ಗುವಾಹಟಿ ಅಂದ್ರೆ ಭರಮಸಾಗರ ಅಂದ್ಕಂಡಿಯೇನಮ್ಮ?" ಎಂದ ಪಾಪಣ್ಣ. "ಅವ್ನಪ್ಪ ಸತ್ತಾಗ ಅವ್ನು ಬರಾಕೆ ಐದು ದಿನ ಆತು."

"ಅವಾಗ ರೈಲಿಗೆ ಬಂದಿದ್ರು ಮಾವ."

"ವಿಮಾನಾನೂ ಊರೂರಿಗೆ ಇಳ್ಸಿ ಹತ್ತಿಸ್ಕಂಡೇ ಬರ್ಬೇಕಲ್ಲ. ಎಷ್ಟೇ ಓಡ್ಲಿ, ನಾಡಿದ್ದಕ್ಕೆ ಬಂದಾನು. ಅಲ್ಲಿಗಂಟ ನಮ್ಮಕ್ಕನ್ನ ಹಿಂಗೇ ಕೊಳೆಯಾಕೆ ಬಿಡ್ಲಾ?"

"ಸಂಜೆಗಂಟ ತಡೀರಿ ಮಾವ, ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ವಿಮಾನವನ್ನು ಕಂಡಿದ್ದು ಆಕಾಶದಲ್ಲಿ ಮಾತ್ರ. ಆದರೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ಎತ್ರಪ್ಪ" ಅಂದೇಬಿಟ್ಟ. ಮೂರು ಗಂಟೆಗೆ ಹೊಲದಲ್ಲಿ, ಗಂಡನ ಗೋರಿಯ ಪಕ್ಕ ಮಣ್ಣಾಯಿತು. ಮಗ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ಅವನೇ ಹಾಕಿ, ಮಗುವಿನಂತೆ ಬಿಕ್ಕಿ ಅತ್ತ. ಆ ಅಳು ಸುಳ್ಳಲ್ಲ. ಅವನನ್ನು ಎತ್ತಿ ಆಡಿಸಿದ ಅಕ್ಕ ಅವಳು.

ಆರೂವರೆಗೆ ಬೆಂಗಳೂರಿನ ಟ್ಯಾಕ್ಸಿಯೊಂದು ಬಂದು ಮನೆ ಮುಂದೆ ನಿಂತಿತು. ಗುವಾಹಟಿಯಿಂದ ಕಲ್ಕತ್ತಕ್ಕೆ ಒಂದು ಗಂಟೆ, ಅಲ್ಲಿಂದ ಬೆಂಗಳೂರಿಗೆ ಎರಡೂವರೆ ಗಂಟೆ; ಉಳಿದದ್ದೆಲ್ಲ ಕಾದು ಕೂತ ಹೊತ್ತು ಮತ್ತು ರಸ್ತೆ. ಇಳಿದ ಹನುಮೇಶ್ ಖಾಲಿ ಜಗಲಿ ನೋಡಿದ, ಹೆಂಡತಿಯ ಮುಖ ನೋಡಿದ, ಹೊಲದ ಕಡೆ ಓಡಿದ. ಪಾಪಣ್ಣ ಏದುಸಿರು ಬಿಡುತ್ತ ಹಿಂದೆಯೇ ಹೋದ.

ಹನುಮೇಶ್ ಮಂಡಿಯೂರಿ ಎರಡೂ ಕೈಯಲ್ಲಿ ಹಸಿ ಮಣ್ಣು ತೋಡುತ್ತಿದ್ದ. ಮುಚ್ಚಿದ ಮಣ್ಣನ್ನು ಮತ್ತೆ ತೆಗೆಯುವ ಪದ್ಧತಿ ಇಲ್ಲ. ಪಾಪಣ್ಣ ಅವನ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಎಷ್ಟು ಆಳ ತೆಗ್ಸಿದ್ರಿ ಮಾವ?"

"ಆರಡಿ ಕಣಪ್ಪ."

"ಎರಡು ಸಾವಿರ ಕಿಲೋಮೀಟ್ರು ಹಾರಿ ಬಂದೆ. ಆರಡಿ ಬಿಡ್ರಿ ಮಾವ."

ಪಾಪಣ್ಣ ಬಿಡಲಿಲ್ಲ.