ದಡದಲ್ಲಿ ನಿಂತವರು

ಕತಾರಿನ ಮೆಸಯೀದಿನ ಕಂಪನಿ ಮನೆಯಲ್ಲಿ ಮಗಳು, ಅಳಿಯ, ನಾನು. ಆ ವಾರ ಅಕ್ಕಪಕ್ಕದ ದೇಶಗಳ ಯುದ್ಧ ನಮ್ಮ ತಲೆಯ ಮೇಲಿನ ಆಕಾಶಕ್ಕೇ ಬಂದಿತ್ತು. ವಿಮಾನ ನಿಲ್ಲಿಸಿದ್ದರು. ಟಿವಿಯ ಕನ್ನಡ ವಾರ್ತೆಯಲ್ಲಿ ಕತಾರ್ ತಟಸ್ಥ, ತಟಸ್ಥ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆ ಶಬ್ದ ಹೊಸದು.

"ಹಾಗೆಂದ್ರೆ ಎಂತ?" ಎಂದು ಅಳಿಯನನ್ನು ಕೇಳಿದೆ.

"ತಟ ಅಂದ್ರೆ ದಡ, ಅತ್ತೆ. ದಡದಲ್ಲಿ ನಿಂತವ. ಜಗಳಕ್ಕೆ ಇಳಿಯದವ. ನಮಗೆ ಎಂತದ್ದೂ ಆಗುದಿಲ್ಲ."

"ಕಡಲ್ಕೊರೆತಕ್ಕೆ ಮೊದಲು ಹೋಗುದು ದಡದ ಮನೆಯೇ ಅಲ್ವಾ ಮಾರಾಯ್ರೆ? ನಿಮ್ಮ ಅಮ್ಮನ ತೆಂಗಿನಮರ ಈಗ ಎಲ್ಲುಂಟು?"

ಅಳಿಯ ನಕ್ಕರು. ಮಗಳು ನಗಲಿಲ್ಲ. ಅವಳದು ಒಂದೇ ಹಠ: ವಿಮಾನ ಬಿಟ್ಟ ಕೂಡಲೇ ಮೂವರೂ ಊರಿಗೆ ಹೋಗಬೇಕು. ಆದರೆ ಅಳಿಯನಂತೆ ಗ್ಯಾಸ್ ಪ್ಲಾಂಟ್ ನಡೆಸುವವರಿಗೆಲ್ಲ ಕಂಪನಿ ರಜೆ ಬಂದ್ ಮಾಡಿತ್ತು.

ನನ್ನ ಅಪ್ಪ ಬ್ರಿಟಿಷರ ರೈಲ್ವೆಯಲ್ಲಿ ಹಳಿ ನೋಡುವ ಗ್ಯಾಂಗ್‌ಮ್ಯಾನ್. ದೂರದವರ ಮಹಾಯುದ್ಧಕ್ಕೆ ಕಬ್ಬಿಣ ಬೇಕಾಯಿತು. ಬಂದರಿಗೆ ಸರಕು ಒಯ್ಯುವ ಲೈನು ಉಳಿಯಿತು. ಜನ ಸಂತೆಗೆ, ಆಸ್ಪತ್ರೆಗೆ ಹೋಗುವ ಸಣ್ಣ ಲೈನು ಕಿತ್ತರು. ಕಿತ್ತದ್ದು ಅಪ್ಪನ ಕೈಯೇ. ಹಳಿಯ ಜೊತೆ ಅವರನ್ನೂ ಹಡಗಿಗೆ ಹಾಕಿ ಈ ಕೊಲ್ಲಿಯ ಆಚೆ ದಡಕ್ಕೆ ಹಳಿ ಹಾಸಲು ಕಳಿಸಿದರು. ಆ ದೇಶವೂ ತಾನು ಯಾರ ಕಡೆಯೂ ಅಲ್ಲ ಎಂದಿತ್ತಂತೆ. ಯುದ್ಧದ ಸರಕು ಒಯ್ಯಲು ಅದರ ರೈಲು ಬೇಕಿತ್ತು, ಬಿಳಿಯರು ನುಗ್ಗಿದರು. "ನೀನು ಸಿಪಾಯಿ ಅಲ್ಲ, ನಿನಗೇನೂ ಆಗುದಿಲ್ಲ" ಎಂದು ಅಪ್ಪನಿಗೂ ಹೇಳಿದ್ದರು. ಅಪ್ಪ ಒಂದು ಕಾಲು ಅಲ್ಲಿ ಬಿಟ್ಟು ಬಂದರು. ಹಳಿ ಬರಲೇ ಇಲ್ಲ. ನಾನು ಹುಟ್ಟಿದ ಮೇಲೂ ಲೈನಿನ ದಿಬ್ಬದಲ್ಲಿ ದನ ಮೇಯುತ್ತಿದ್ದವು.

ಕೊನೆಗೆ ವಿಮಾನ ಬಿಟ್ಟರು. ಹೊರಡುವ ಬೆಳಿಗ್ಗೆ ಮಗಳು ಗಂಡನ ಎದುರು ನಿಂತಳು.

"ಕೆಲಸ ಹೋದ್ರೆ ಹೋಗ್ಲಿ. ನೀವೂ ಬನ್ನಿ."

"ನಾನೇನು ಸಿಪಾಯಿಯಾ? ಪ್ಲಾಂಟಿನವರಿಗೆ ಎಂತ ಆಗ್ತದೆ ಮಾರಾಯ್ತಿ?"

ಅಪ್ಪನ ಕಾಲಿನ ಕಥೆ ಅವರಿಗೆ ಗೊತ್ತಿತ್ತು. ಪ್ಲಾಂಟಿಗೆ ಹೋಗುವ ಕಂಪನಿ ಬಸ್ಸು ಬಂತು. ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡಿದ. ಅಳಿಯ ಹತ್ತಿದರು.

ವಿಮಾನ ಏರುವಾಗ ಕೆಳಗೆ ದಡ ಕಂಡಿತು. ಮಗಳು ಆಚೆ ಮುಖ ಮಾಡಿದಳು. ನಾನು ನೋಡಿದೆ. ಅಷ್ಟುದ್ದದ ದಡದಲ್ಲಿ ಮರೆಗೆ ನಿಲ್ಲಲು ಒಂದು ಮರವೂ ಇರಲಿಲ್ಲ.