ನಾಲ್ಕು ದಿನದ ಅಕ್ಕ

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಬೀಗದಣ್ಣ ಎಂದು. ಬಂದರಿನ ಹಿಂದೆ, ಸ್ವಲ್ಪ ಎತ್ತರದ ಜಾಗದಲ್ಲಿ, ದಪ್ಪ ಕಂಬಗಳ ಮೇಲೆ ಕಟ್ಟಿದ ಕಾಂಕ್ರೀಟ್ ಕಟ್ಟಡವೊಂದಿದೆ. ಚಂಡಮಾರುತ ಬಂದಾಗ ತಗ್ಗಿನ ಬೀದಿಗಳ ಜನ ಓಡಿ ಬಂದು ಸೇರಿಕೊಳ್ಳುವುದು ಅಲ್ಲಿಗೆ. ಅದರ ಹದಿನೇಳು ಬೀಗಗಳ ಕೀಲಿಗೊಂಚಲು ಅವನ ಸೊಂಟದಲ್ಲಿರುತ್ತಿತ್ತು. ಇಪ್ಪತ್ತೆರಡು ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿದವನು; ಮೊಣಕಾಲು ಕೈಕೊಟ್ಟ ಮೇಲೆ ದಡ ಹತ್ತಿ ಈ ಕೆಲಸ ಹಿಡಿದಿದ್ದ. ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಒಡಹುಟ್ಟಿದವರೂ ಇರಲಿಲ್ಲ. "ಇಷ್ಟೊಂದು ಬೀಗ ಇಟ್ಕೊಂಡೋರಿಗೆ ಒಬ್ಬರಾದ್ರೂ ಬೀಗರಿಲ್ವಲ್ಲ ಅಣ್ಣಾ" ಎಂದು ಬಲೆ ಹೆಣೆಯುವವರು ಚುಡಾಯಿಸಿದರೆ ಅವರಿಗಿಂತ ಮೊದಲು ಅವನೇ ನಗುತ್ತಿದ್ದ.

ವರ್ಷದ ಎಂಟು ತಿಂಗಳು ಆ ಕಟ್ಟಡದಲ್ಲಿ ಅವನನ್ನು ಬಿಟ್ಟರೆ ನರಪಿಳ್ಳೆ ಇರುತ್ತಿರಲಿಲ್ಲ. ಉಪ್ಪುಗಾಳಿಗೆ ತುಕ್ಕು ಹಿಡಿಯುವ ಕಬ್ಬಿಣದ ಬಾಗಿಲುಗಳಿಗೆ ಎಣ್ಣೆ ಹಾಕುವುದು, ಚಾಪೆ ಕಂಬಳಿಗಳನ್ನು ಬಿಸಿಲಿಗೆ ಹರಡುವುದು, ಸೋಮವಾರಕ್ಕೊಮ್ಮೆ ಜನರೇಟರನ್ನು ಹತ್ತು ನಿಮಿಷ ಓಡಿಸಿ ನಿಲ್ಲಿಸುವುದು, ಇದೇ ಅವನ ಕೆಲಸ. ವಾಸ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಅಲ್ಲಿ ಒಂದು ಮಂಚ, ಒಂದು ಸ್ಟವ್, ಒಂದು ರೇಡಿಯೋ. ಹವಾಮಾನ ವರದಿ ಓದುವ ಹೆಂಗಸಿನ ಜೊತೆ ಅವನಿಗೆ ಮಾತುಕತೆ ನಡೆಯುತ್ತಿತ್ತು. ಅವಳು "ಗಾಳಿಯ ವೇಗ ಹೆಚ್ಚುವ ಸಾಧ್ಯತೆ ಇದೆ" ಎಂದರೆ ಇವನು ಚಹಾ ಕಲಕುತ್ತಾ, "ಹೌದೇನಮ್ಮಾ? ಎಷ್ಟು ಹೊತ್ತಿಗೆ?" ಎನ್ನುತ್ತಿದ್ದ.

ಉಳಿದ ನಾಲ್ಕು ತಿಂಗಳು ಊರಿಗೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡು ಬದುಕುವ ಕಾಲ. ಬೀಗದಣ್ಣನಿಗೆ ಮಾತ್ರ ಅದು ಮನೆಗೆ ಜನ ಬರುವ ಕಾಲ. ನಾನು ಬಂದರಿನ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಬಿರುಗಾಳಿ ಬಂದಾಗ ಕಟ್ಟಡದ ಬಾಗಿಲಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ಎಷ್ಟೋ ಕಾಲದ ಮೇಲೆ ಅವನು ನನ್ನ ಹತ್ತಿರ ಬಾಯಿ ಬಿಟ್ಟ. "ಮೇಷ್ಟ್ರೇ, ಒಂದೊಂದು ಸಲ ಗಾಳಿ ಬೇರೆ ದಿಕ್ಕಿಗೆ ತಿರುಗಿತು ಅಂತ ರೇಡಿಯೋದಲ್ಲಿ ಹೇಳಿದ್ರೆ ನನಗೆ ಬೇಜಾರಾಗ್ತಿತ್ತು. ಇದು ಪಾಪ ಅಲ್ವಾ?" ಹಾಗೆ ನೋಡಿದರೆ, ಬಂದ ಜನರಾದರೂ ಅವನನ್ನು ಕೇಳುತ್ತಿದ್ದದ್ದೇನು? ನೀರೆಲ್ಲಿ, ಕಂಬಳಿ ಇನ್ನೊಂದಿದೆಯಾ, ಶೌಚಾಲಯದ ಬಾಗಿಲು ಯಾಕೆ ಹಾಕಿಕೊಳ್ಳುತ್ತಿಲ್ಲ. ಕೂತ್ಕೋ ಅಂತ ಒಬ್ಬರೂ ಹೇಳಿದ್ದಿಲ್ಲ. ನಾನೂ ಹೇಳಿರಲಿಲ್ಲ.

ಆ ವರ್ಷದ ದೊಡ್ಡ ಗಾಳಿ ಬಂದದ್ದು ಋತು ಶುರುವಾಗಿ ಎರಡನೇ ತಿಂಗಳಲ್ಲಿ. ಮಧ್ಯಾಹ್ನ ಮೂರರ ಹೊತ್ತಿಗೆ ದಡಕ್ಕೆ ಅಪ್ಪಳಿಸುತ್ತದೆ ಎಂದು ಬೆಳಿಗ್ಗೆಯೇ ಸುದ್ದಿ ಬಂತು. ಹನ್ನೊಂದು ಗಂಟೆಗೆ ನನ್ನ ಪಟ್ಟಿಯಲ್ಲಿ ಮುನ್ನೂರ ಮೂವತ್ತೆಂಟು ಹೆಸರಿದ್ದವು. ಕೊನೆಗೆ ಬಂದವರು ಇಬ್ಬರು: ಐಸ್ ಫ್ಯಾಕ್ಟರಿ ಹಿಂದಿನ ಬೀದಿಯ ದರ್ಜಿಯಮ್ಮ, ಮತ್ತು ಅವಳ ತಾಯಿ. ತಾಯಿಯನ್ನು ಮೀನಿನ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು, ಹೊಲಿಗೆ ಯಂತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅವಳ ಪಕ್ಕದಲ್ಲೇ ಇಟ್ಟುಕೊಂಡು ದೂಡಿಕೊಂಡು ಬಂದಿದ್ದಳು.

"ಅಮ್ಮನಿಗೆ ಒಂದು ಮೂಲೆ ಕೊಡಿಸಿ ಮೇಷ್ಟ್ರೇ. ಮರೆವು ಜಾಸ್ತಿ. ಗಲಾಟೆ ಆದರೆ ಹೆದರಿಕೊಳ್ತಾಳೆ" ಎಂದಳು.

"ಈ ದರ್ಜಿಯಮ್ಮ ಒಳ್ಳೆಯವಳು" ಎಂದು ತಾಯಿ ನನಗೆ ಶಿಫಾರಸು ಮಾಡಿದಳು. "ಕೆಲಸ ಅಚ್ಚುಕಟ್ಟು. ಯಾರ ಮಗಳೋ, ಪಾಪ."

ದರ್ಜಿಯಮ್ಮ ಬೇರೆ ಕಡೆ ನೋಡಿದಳು.

ಆ ಹೊತ್ತಿಗೆ ಬೀಗದಣ್ಣ ಹೊರಗಡೆ ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಹಗ್ಗ ಬಿಗಿಯುತ್ತಿದ್ದ. ಮುಗಿಸಿ, ಉಳಿದ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು, ಅಡಿಯಿಂದ ಮುಡಿಯವರೆಗೆ ನೆನೆದು ಒಳಗೆ ಬಂದ. ಮುದುಕಿ ಅವನನ್ನು ನೋಡಿದವಳೇ ಗೋಡೆ ಹಿಡಿದುಕೊಂಡು ಎದ್ದು ನಿಂತಳು.

"ಕಟ್ಟಿದ್ಯಾ?" ಎಂದು ಕೇಳಿದಳು.

ಟ್ಯಾಂಕಿನ ವಿಷಯ ಇರಬೇಕೆಂದು ಅವನು, "ಕಟ್ಟಿ ಬಂದೆ, ಗಟ್ಟಿಯಾಗಿದೆ" ಎಂದ.

ಅಷ್ಟೇ ಸಾಕಾಯಿತು. ಮುದುಕಿ ಅವನ ಒದ್ದೆ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಕತ್ತೆ! ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ? ಕಾದು ಕಾದು ನನ್ನ ಕಣ್ಣು ಸೋತುಹೋಯ್ತು. ತಲೆ ಒರೆಸ್ಕೋ ಮೊದಲು!"

ಸುತ್ತಲಿದ್ದವರು ನಕ್ಕರು. ಬೀಗದಣ್ಣ ಪೆಚ್ಚಾಗಿ ನಿಂತ. ದರ್ಜಿಯಮ್ಮ ಅವನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಹೇಳಿದಳು: "ತಪ್ಪು ತಿಳ್ಕೋಬೇಡಿ. ಅಮ್ಮನಿಗೆ ಒಬ್ಬ ತಮ್ಮ ಇದ್ದನಂತೆ. ಹತ್ತೊಂಬತ್ತನೇ ವಯಸ್ಸಿಗೆ ಇಂಥದ್ದೇ ಗಾಳಿಯಲ್ಲಿ ಸಮುದ್ರಪಾಲಾದ. ನಾನು ಹುಟ್ಟೋಕೆ ಮುಂಚೆ. ನನ್ನ ಹೆಸರು ಮರೆತಿದ್ದಾಳೆ, ಅವನದು ಮರೆತಿಲ್ಲ. ನಿಮ್ಮ ಹೆಗಲ ಮೇಲಿನ ಹಗ್ಗ ನೋಡಿ ಏನೋ ಅಂದ್ಕೊಂಡಿದ್ದಾಳೆ."

"ಅಲ್ಲ ಅಂತ ಹೇಳಿಬಿಡಲಾ?"

ಅವಳು ತಾಯಿಯ ಕಡೆ ನೋಡಿದಳು. ಮುದುಕಿ ತನ್ನ ಸೀರೆಯ ಸೆರಗನ್ನೇ ಒರೆಸುವುದಕ್ಕೆಂದು ಚಾಚಿ ಹಿಡಿದಿದ್ದಳು. "ಈಗ ಬೇಡ. ಗಾಳಿ ಕಳೀಲಿ" ಎಂದಳು ಮಗಳು.

ಮಧ್ಯಾಹ್ನ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ಹಂಚಿದೆವು. "ನೀನೂ ಕೂತ್ಕೋ, ಆಗಲೇ ನಾನು ತಿನ್ನೋದು" ಎಂದು ಮುದುಕಿ ಹಟ ಹಿಡಿದಳು. ಬೀಗದಣ್ಣ ಕೂತ. ಹಡಗಿನಲ್ಲಾಗಲಿ ಇಲ್ಲಾಗಲಿ ಎಲ್ಲರೂ ತಿಂದ ಮೇಲೆ ನಿಂತುಕೊಂಡೇ ತಿಂದು ಅಭ್ಯಾಸವಾದವನಿಗೆ ಕಾಲು ಎಲ್ಲಿಡಬೇಕೆಂದೇ ಗೊತ್ತಾಗಲಿಲ್ಲ. "ಅಗಿದು ತಿನ್ನು. ಯಾರೂ ಕಿತ್ಕೊಳ್ಳಲ್ಲ" ಎಂದು ಮುದುಕಿ ಗದರಿದಳು. ನನ್ನ ಜಾಗದಿಂದ ನೋಡುತ್ತಿದ್ದೆ. ಅವನು ನಿಜವಾಗಿಯೂ ನಿಧಾನಕ್ಕೆ ಅಗಿಯತೊಡಗಿದ.

ಮೂರು ಗಂಟೆಗೆ ಹೇಳಿದ ಹಾಗೆಯೇ ಗಾಳಿ ಬಂತು. ಅದರ ಸದ್ದನ್ನು ಬಣ್ಣಿಸಲು ನನಗೆ ಬರುವುದಿಲ್ಲ. ಪಕ್ಕದವನ ಬಾಯಿ ಆಡುವುದು ಕಾಣುತ್ತದೆ, ಕೂಗಿ ಹೇಳದಿದ್ದರೆ ಮಾತು ಕೇಳುವುದಿಲ್ಲ. ಕಟ್ಟಡ ಅಲುಗಲಿಲ್ಲ, ಆದರೆ ಸಮುದ್ರದ ಕಡೆಯ ಕಿಟಕಿಯೊಂದರ ಕಬ್ಬಿಣದ ಕದ ಕೊಂಡಿ ಕಳಚಿಕೊಂಡು ಗೋಡೆಗೆ ದಬದಬ ಬಡಿಯತೊಡಗಿತು. ನೀರು ಬೊಗಸೆ ಬೊಗಸೆಯಾಗಿ ಒಳಗೆ ಬಂತು. ಮಕ್ಕಳು ಕಿರುಚಿಕೊಂಡರು. ಬೀಗದಣ್ಣ ಹಗ್ಗ ತೆಗೆದುಕೊಂಡು ಎದ್ದ.

ಮುದುಕಿ ಅವನ ಅಂಗಿಯನ್ನು ಹಿಂದಿನಿಂದ ಹಿಡಿದಳು.

"ಬಿಡಿ ಅಮ್ಮಾ, ಕದ ಕಟ್ಟಿ ಬರ್ತೀನಿ."

"ಹೋಗ್ಬೇಡ." ಅವಳು ಕೂಗಿಕೊಂಡಳು. "ಆವತ್ತೂ ಹೀಗೇ ಅಂದೆ. ಅಪ್ಪ ಬೇಡ ಅಂದ್ರು. ಕಳಿಸಿದ್ದು ನಾನು! ದೋಣಿ ಮಾರಿ ನನ್ನ ಮದುವೆ ಅಂತ ಆಗಿತ್ತು. ದೋಣಿ ಹೋದ್ರೆ ಮದುವೆ ಹೋಗತ್ತೆ ಅಂತ ನಾನೇ ನಿನ್ನ ಕೈಗೆ ಹಗ್ಗ ಕೊಟ್ಟೆ, ಹೋಗಿ ಕಟ್ಟಿ ಬಾ ಅಂದೆ. ಯಾರಿಗೂ ಹೇಳಿಲ್ಲ. ಅಪ್ಪನಿಗೂ ಹೇಳಿಲ್ಲ. ಹೋಗ್ಬೇಡ ಕಣೋ."

ಅಂಗಿಯ ಹೊಲಿಗೆ ಬಿಟ್ಟುಹೋಗುವ ಸದ್ದು ತನಗೆ ಕೇಳಿಸಿತು ಎಂದು ಆಮೇಲೆ ಅವನು ಹೇಳಿದ. ಕದ ಬಡಿದುಕೊಳ್ಳುತ್ತಲೇ ಇತ್ತು. ಜನ ಅವನ ಕಡೆಗೇ ನೋಡುತ್ತಿದ್ದರು. ಹದಿನಾಲ್ಕು ವರ್ಷ ಆ ಕಟ್ಟಡದಲ್ಲಿ ಏನು ಕಳಚಿದರೂ ಎದ್ದು ಹೋಗುತ್ತಿದ್ದವನು ಅವನೊಬ್ಬನೇ. ಆವತ್ತು ಅವನು ಹಗ್ಗವನ್ನು ಎದುರಿಗಿದ್ದ ಲಾರಿ ಡ್ರೈವರನ ಕೈಗೆ ಕೊಟ್ಟು, ಅಲ್ಲೇ ಕೂತುಬಿಟ್ಟ. ಡ್ರೈವರ್, ಇಬ್ಬರು ಬಲೆಯವರು ಮತ್ತು ನಾನು ಸೇರಿ ಕದ ಎಳೆದು ಕಟ್ಟಿದೆವು. ಡ್ರೈವರನ ಹೆಬ್ಬೆರಳು ಕದದ ಸಂದಿಗೆ ಸಿಕ್ಕಿ ಜಜ್ಜಿಹೋಯಿತು.

"ನನ್ನ ಮೇಲೆ ಕೋಪ ಇದ್ಯಾ?" ನಾವು ಕದ ಕಟ್ಟಿ ಬಂದಾಗ ಮುದುಕಿ ಕೇಳುತ್ತಿದ್ದಳು. "ಅದಕ್ಕೇ ಅಲ್ವಾ ನೀನು ಇಷ್ಟು ದಿನ ಬರಲಿಲ್ಲ?"

"ಇಲ್ಲ ಅಕ್ಕಾ" ಎಂದ ಬೀಗದಣ್ಣ. ಅಕ್ಕ ಎಂದು ಅವನು ಯಾರನ್ನೂ ಕರೆದವನಲ್ಲ. "ಯಾವ ಕೋಪವೂ ಇಲ್ಲ. ನೀನು ಹೇಳದಿದ್ರೂ ನಾನು ಹೋಗ್ತಿದ್ದೆ. ಅದು ನಮ್ಮ ದೋಣಿ ಅಲ್ವಾ."

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಅವನ ಭುಜಕ್ಕೆ ತಲೆ ಇಟ್ಟಳು. ಗಾಳಿ ಇನ್ನೂ ಎರಡು ಗಂಟೆ ಬೀಸಿತು. ಅವಳು ಅಷ್ಟು ಹೊತ್ತೂ ನಿದ್ದೆ ಮಾಡಿದಳು.

ಗಾಳಿ ಇಳಿದ ಮೇಲೆ ಅವನು ಡ್ರೈವರನ ಬೆರಳಿಗೆ ಪಟ್ಟಿ ಕಟ್ಟುತ್ತಿದ್ದಾಗ ದರ್ಜಿಯಮ್ಮ ಎದುರಿಗೆ ಬಂದು ನಿಂತಳು. ಅವಳ ಮುಖ ಕೆಂಪಾಗಿತ್ತು.

"ಸತ್ತವನ ಬಾಯಲ್ಲಿ ಮಾತಾಡೋಕೆ ನೀವು ಯಾರು? ಕೋಪ ಇಲ್ಲ ಅಂತ ಅವನು ನಿಮಗೆ ಹೇಳಿ ಕಳಿಸಿದ್ನಾ?"

ಬೀಗದಣ್ಣ ಪಟ್ಟಿಯ ಗಂಟು ಹಾಕಿದ.

ರಸ್ತೆಯ ಮೇಲೆ ಎದೆಮಟ್ಟ ನೀರು ನಿಂತಿದ್ದರಿಂದ ಇನ್ನೂ ಮೂರು ದಿನ ಯಾರೂ ಹೊರಡುವಂತಿರಲಿಲ್ಲ. ಅಂಥ ಮೂರು ದಿನ ಅವನ ಬಾಳಿನಲ್ಲಿ ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಮುದುಕಿ ಅವನ ತಲೆ ಬಾಚಿದಳು. ಬಾಚುವುದಕ್ಕೆ ಅಲ್ಲಿ ಹೆಚ್ಚೇನೂ ಇರಲಿಲ್ಲ. ಗಡ್ಡ ಬೋಳಿಸಿಲ್ಲವೆಂದು ಬೈದಳು. ಗುಂಡಿ ಮೇಲೆ ಕೆಳಗಾಗಿದ್ದರೆ ಎಳೆದು ಸರಿಮಾಡಿದಳು. "ಏ", "ಲೋ", "ನೀನು", "ಕತ್ತೆ", ಅವನಿಗೆ ಇವೇ ಕರೆ. ನಾವೆಲ್ಲ ಅಣ್ಣ ಅಣ್ಣ ಎಂದು ಮರ್ಯಾದೆ ಕೊಟ್ಟು ಬಹುವಚನದಲ್ಲಿ ದೂರ ಇಟ್ಟಿದ್ದೆವು. ಅವನನ್ನು ಏಕವಚನದಲ್ಲಿ ಕರೆಯುವ ಕೊನೆಯ ಜೀವ, ಅವನ ತಾಯಿ, ಹೋಗಿ ಮೂವತ್ತು ವರ್ಷವಾಗಿತ್ತು. ನೀರು ಹಂಚಲು ಹೋಗುವಾಗ ಅವನು, "ಈಗ ಬಂದೆ ಅಕ್ಕಾ" ಎಂದು ಹೇಳಿ ಹೋಗುತ್ತಿದ್ದ. ಹೇಳಿ ಹೋಗಲು ಒಬ್ಬರಿರುವುದು ಎಂಥ ಸುಖ ಎಂದು ಮುಖದಲ್ಲೇ ಕಾಣುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ನೀರು ಇಳಿಯಿತು. ಜನ ಚಾಪೆಗಳನ್ನು ಬಿಟ್ಟಲ್ಲೇ ಬಿಟ್ಟು ತಮ್ಮ ತಮ್ಮ ಮನೆ ಏನಾಯಿತೋ ಎಂದು ಓಡಿದರು. ದರ್ಜಿಯಮ್ಮ ಅವನ ಅಂಗಿಯನ್ನು ಕೇಳಿ ಪಡೆದು, ಬಿಟ್ಟುಹೋದ ಹೊಲಿಗೆಯನ್ನು ಕೈಯಲ್ಲೇ ಹಾಕಿಕೊಟ್ಟಳು.

"ಆವತ್ತು ಸಿಟ್ಟಿನಲ್ಲಿ ಅಂದುಬಿಟ್ಟೆ" ಎಂದಳು. "ನನ್ನ ತಾಯಿ ಐವತ್ತು ವರ್ಷ ಎದೆಯಲ್ಲಿ ಇಟ್ಕೊಂಡಿದ್ದನ್ನ ನನಗೆ ಒಂದು ಸಲಾನೂ ಹೇಳಲಿಲ್ಲ. ನಿಮಗೆ ಹೇಳಿದಳು. ಅದನ್ನ ತಡ್ಕೊಳ್ಳೋಕಾಗಲಿಲ್ಲ." ದಾರ ಕಚ್ಚಿ ಕತ್ತರಿಸಿದಳು. "ಮನೆ ಕಡೆ ಬನ್ನಿ. ಅವಳು ಕೇಳ್ತಾಳೆ."

ಮುದುಕಿ ತಳ್ಳುಗಾಡಿಯಲ್ಲಿ ಕೂತು, "ಬೇಗ ಬಾ. ಅಲ್ಲಿ ಇಲ್ಲಿ ತಿರುಗ್ಬೇಡ" ಎಂದಳು. ಅವನು ತಲೆಯಾಡಿಸಿದ.

ಬೇಗ ಹೋಗಲಾಗಲಿಲ್ಲ. ಮುರಿದ ಕಿಟಕಿ, ಹೂಳು ತುಂಬಿದ ಟ್ಯಾಂಕು, ಒಗೆಯಬೇಕಾದ ಇನ್ನೂರು ಕಂಬಳಿ. ಮೂರು ವಾರವಾಯಿತು. ಒಂದು ಭಾನುವಾರ ಗಡ್ಡ ಬೋಳಿಸಿಕೊಂಡು, ಒಂದು ಡಬ್ಬಿ ಬಿಸ್ಕತ್ತು ಹಿಡಿದುಕೊಂಡು ಹೋದ. ಒಂದೇ ಕೋಣೆಯ ಮನೆ. ಗೋಡೆಯ ಮೇಲೆ ಸೊಂಟದೆತ್ತರಕ್ಕೆ ನೀರು ನಿಂತ ಕಂದು ಗೆರೆ. ಮುದುಕಿ ಕಿಟಕಿಯ ಹತ್ತಿರ ಕೂತು ಬಟ್ಟೆಯ ತುಂಡುಗಳನ್ನು ಮಡಿಸುತ್ತಿದ್ದಳು. ತಲೆ ಎತ್ತಿ ನೋಡಿದಳು.

"ಬನ್ನಿ, ಕೂತ್ಕೊಳ್ಳಿ" ಎಂದಳು. "ಅಳತೆ ಕೊಡೋಕೆ ಬಂದ್ರಾ? ದರ್ಜಿಯಮ್ಮ ನೀರು ತರೋಕೆ ಹೋಗಿದ್ದಾಳೆ, ಈಗ ಬರ್ತಾಳೆ."

ಅವನು ಬಿಸ್ಕತ್ತಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ. "ನನ್ನ ಗುರುತು ಸಿಗಲಿಲ್ವಾ ಅಕ್ಕಾ?" ಎಂದು ಕೇಳಿಯೇಬಿಟ್ಟ.

"ಕ್ಷಮಿಸಿ. ವಯಸ್ಸಾಯ್ತು ನೋಡಿ" ಎಂದು ಅವಳು ಮರ್ಯಾದೆಯಿಂದ ನಕ್ಕಳು.

ಅಷ್ಟರಲ್ಲಿ ಬಂದ ದರ್ಜಿಯಮ್ಮ ಬಿಂದಿಗೆ ಇಳಿಸಿ ಒಂದು ಕ್ಷಣ ಇಬ್ಬರನ್ನೂ ನೋಡಿದಳು, ಏನಾಯಿತೆಂದು ಅರ್ಥವಾಯಿತು. "ಆವತ್ತಿನಿಂದ ತಮ್ಮನ ಹೆಸರೇ ಎತ್ತಿಲ್ಲ" ಎಂದು ಮೆಲ್ಲಗೆ ಹೇಳಿದಳು. "ಮೊದಲು ಮಳೆ ಬಂದ್ರೆ ಬಾಗಿಲಲ್ಲೇ ನಿಂತಿರ್ತಿದ್ಲು. ಈಗ ಮಲಗ್ತಾಳೆ. ಒಳ್ಳೇದೇ ಆಯ್ತು." ಅವನ ಮಡಿಲಿನ ಡಬ್ಬಿ ನೋಡಿ, "ನಿಮಗೆ ಮಾತ್ರ..." ಎಂದಳು.

"ಹೂಂ. ಒಳ್ಳೇದೇ ಆಯ್ತು" ಎಂದ ಅವನು.

ಮುದುಕಿ ಅವಸರ ಮಾಡಿದಳು. "ಅವರನ್ನ ಕಾಯಿಸ್ಬೇಡಮ್ಮ. ಅಳತೆ ತಗೋ." ದರ್ಜಿಯಮ್ಮ ಕೊರಳಲ್ಲಿದ್ದ ಟೇಪು ತೆಗೆದಳು. ಅವನೂ ಎದ್ದು ನಿಂತು ಕೈ ಅಗಲಿಸಿದ. ಭುಜ, ತೋಳು, ಎದೆ. ಅವಳು ಅಂಕಿಗಳನ್ನು ಹೇಳಿದಂತೆ ಮುದುಕಿ ತಪ್ಪದೆ ಮತ್ತೊಮ್ಮೆ ಹೇಳುತ್ತಿದ್ದಳು. ಟೇಪು ಬೆನ್ನು ಸುತ್ತಿ ಬಂದಾಗ ಅವನು ಉಸಿರು ಹಿಡಿದ. "ಉಸಿರು ಬಿಡಿ. ಬಿಗಿ ಆಗತ್ತೆ ಆಮೇಲೆ" ಎಂದಳು ದರ್ಜಿಯಮ್ಮ.

ಅಂಗಿ ತಯಾರಾಯಿತು, ತಿಳಿ ನೀಲಿ ಬಣ್ಣದ್ದು. ಆಮೇಲೆ ಅವನು ಮೂರು ನಾಲ್ಕು ಸಲ ಹೋಗಿ ಬಂದ. ಪ್ರತಿ ಸಲವೂ "ಬನ್ನಿ, ಕೂತ್ಕೊಳ್ಳಿ." ಚಳಿಗಾಲದ ಕೊನೆಗೆ ಮುದುಕಿ ಒಂದು ಬೆಳಿಗ್ಗೆ ಮಡಿಸುತ್ತಿದ್ದ ಬಟ್ಟೆ ಕೈಯಲ್ಲಿರುವಾಗಲೇ ಹೋಗಿಬಿಟ್ಟಳು. ಅಂತ್ಯಕ್ರಿಯೆಗೆ ಹತ್ತು ಹನ್ನೆರಡು ಜನ ಸೇರಿದ್ದೆವು. ದೂರದಿಂದ ಬಂದ ನೆಂಟರೊಬ್ಬರು ಬೀಗದಣ್ಣನನ್ನು, "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ. ಅವನು, "ಗಾಳಿ ಬಂದಾಗ ಪರಿಚಯ" ಎಂದ.

ಬೇಸಿಗೆಯಲ್ಲಿ ದರ್ಜಿಯಮ್ಮ ಊರು ಬಿಟ್ಟಳು. ಬೆಟ್ಟದ ಮೇಲಿನ ಪಟ್ಟಣದಲ್ಲಿ ಸಮವಸ್ತ್ರ ಹೊಲಿಯುವ ಕೆಲಸ ಸಿಕ್ಕಿತ್ತು. ಅಲ್ಲಿ ಸಮುದ್ರವೂ ಇಲ್ಲ, ಬಿರುಗಾಳಿಯೂ ಇಲ್ಲ. ಯಂತ್ರವನ್ನು ಬಸ್ಸಿನ ಮೇಲೆ ಹತ್ತಿಸಲು ಅವನೇ ಹೋಗಿದ್ದ. "ಒಂದ್ಸಲ ಆ ಕಡೆ ಬನ್ನಿ ಮಾಮಾ" ಎಂದಳು ಅವಳು. ಮಾಮ ಎಂದದ್ದು ಬೇಕೆಂದೇ ಹೇಳಿದ್ದೋ, ಬಾಯಿ ತಪ್ಪಿ ಬಂದದ್ದೋ ಅವನಿಗೆ ತಿಳಿಯಲಿಲ್ಲ. "ಬರ್ತೀನಮ್ಮಾ" ಎಂದ.

ಕಂಡಕ್ಟರ್ ಸೀಟಿ ಊದಿದ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಅವನು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಅಂಗಡಿಯಲ್ಲಿ ಒಬ್ಬನಿಗೆ ಆಗುವಷ್ಟು ಬ್ರೆಡ್ಡು ಕೊಂಡು ನಡೆದುಕೊಂಡೇ ಹೋದ.