ಈರಯ್ಯ ಗುಡಿಸಿದ ತೋಟ

ರಾಯಚೂರಿನ ಕೋಟೆಯ ಹೊರಗಿದ್ದ ಸರಕಾರಿ ತೋಟದ ಮಾಲಿ ಈರಯ್ಯನಿಗೆ ಎರಡು ಹುಚ್ಚು. ಒಂದು ಕಸಬರಿಗೆ, ಇನ್ನೊಂದು ಅನುಮಾನ. ದೇವದುರ್ಗದ ಕಡೆಯ ಮಸರಕಲ್‌ನಿಂದ ಹರೆಯದಲ್ಲಿ ಬಂದವನಿಗೆ ಈಗ ಐವತ್ತು ಸಮೀಪಿಸಿತ್ತು. ತೋಟದೊಳಗೆ ಯಾರು ಕಾಲಿಟ್ಟರೂ ಅವನ ಕಣ್ಣು ಮೊದಲು ಬೀಳುತ್ತಿದ್ದುದು ಅವರ ಕೈಚೀಲದ ಮೇಲೆ. ಪೂಜೆಗೆಂದು ನಾಲ್ಕು ಕಣಗಿಲೆ ಹೂ ಕೇಳಿ ಒಯ್ಯುವ ಆಚಾರ್ಯರ ಮನೆಯ ವೆಂಕೂಬಾಯಿ ಒಮ್ಮೆ ರೇಗಿ, ಅವನೆದುರೇ ಸೆರಗು ಬಿಡಿಸಿ ತೋರಿಸಿದ್ದರು. "ನೋಡ್ಕೊಳಪಾ ಈರಯ್ಯ, ಐದನೇದು ಇಲ್ಲ." ಅವನೇನು ನಾಚಲಿಲ್ಲ, ಬಗ್ಗಿ ನೋಡಿಯೇ ಬಿಟ್ಟ.

ಅಂಥವನು ನಂಬಿದ್ದು ಒಬ್ಬನನ್ನು ಮಾತ್ರ. ಮಾನ್ವಿಯ ಖಾಸಿಂ ಸಾಬ್, ಬಾವಿಯಿಂದ ತೊಗಲ ಚೀಲದಲ್ಲಿ ನೀರು ಹೊತ್ತು ಗಿಡಗಳಿಗೆ ಹಾಕುವವನು. ಹನ್ನೆರಡು ವರ್ಷ ಇಬ್ಬರೂ ಒಂದೇ ಬೇವಿನ ಕೆಳಗೆ ಬುತ್ತಿ ಬಿಚ್ಚಿದ್ದರು. ಖಾಸಿಂ ಒಂದು ಕೌಜುಗ ಸಾಕಿದ್ದ. ಅವನ ಬಾಯಲ್ಲಿ ಅದು ತೀತರ್. ಬೆಳಗಾದರೆ ಅದರ ಪಂಜರ ತಂದು ಬೇವಿಗೆ ತೂಗುಹಾಕುತ್ತಿದ್ದ. ತೋಟದ ಹಿಂದಿನ ಮೂಲೆಯಲ್ಲಿ ಬಾರಿ ಮುಳ್ಳು, ಕವಳಿ ಕಂಟಿಯ ಪೊದೆಗಳು ಹೆಣೆದುಕೊಂಡಿದ್ದವು, ಕೆಳಗೆ ಮೊಳಕಾಲುದ್ದ ತರಗೆಲೆ. ಅಲ್ಲಿನ ಕಾಡುಕೌಜುಗಗಳು ಪಂಜರದ ಹಕ್ಕಿಗೆ ಮರುದನಿ ಕೊಡುತ್ತಿದ್ದವು. ಪಿಕಳಾರ, ಬೆಳವ, ಗುಂಪುಗೂಡಿ ಜಗಳಾಡುವ ಬೂದು ಹಕ್ಕಿಗಳು ಎಲ್ಲಕ್ಕೂ ಆ ಮೂಲೆಯೇ ಮನೆ.

"ಬೀಗರ ಜೊತಿ ಮಾತಾಡಾಕತ್ತದ ನೋಡ್ರಿ ಅಯ್ಯನೋರೆ," ಎಂದು ಖಾಸಿಂ ಹಿಗ್ಗುತ್ತಿದ್ದ.

ಸಾವಿರದ ಒಂಬೈನೂರ ನಲವತ್ತನಾಲ್ಕರ ಬೇಸಿಗೆಯಲ್ಲಿ ಗುಲಬರ್ಗಾದಿಂದ ಯಾರೋ ದೊಡ್ಡ ಸಾಹೇಬರು ತೋಟ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಕಸಕಡ್ಡಿ ಇರಕೂಡದು ಎಂದು ತೋಟದ ಮೇಲ್ವಿಚಾರಕ ದರೋಗಾ ಹುಕುಂ ಕೊಟ್ಟ. ಈರಯ್ಯನಿಗೆ ಹಬ್ಬ ಬಂದಂತಾಯಿತು. ಕೊಡಲಿ ಹೆಗಲಿಗೇರಿಸಿ ಮೂಲೆಗೆ ನಡೆದಾಗ ಖಾಸಿಂ ಅಡ್ಡ ಬಂದ.

"ಆ ಮೂಲಿ ಒಂದು ಬಿಡ್ರಿ ಅಯ್ಯನೋರೆ. ಸಾಹೇಬ್ರು ಅಲ್ಲೀತನಕ ಎಲ್ಲಿ ಬರ್ತಾರ?"

ಇವನಿಗೇಕೆ ಆ ಮೂಲೆಯ ಮೇಲೆ ಇಷ್ಟು ಮಮತೆ? ಹನ್ನೆರಡು ವರ್ಷದ ನಂಟಿನೊಳಗೆ ಅನುಮಾನದ ಹುಳು ಅಂದು ಹೊಕ್ಕಿತು. ಈರಯ್ಯ ಕಂಟಿ ಕಡಿದ, ತರಗೆಲೆ ಬಳಿದು ಸುಟ್ಟ, ನೆಲ ಅಂಗೈಯಂತಾಗುವವರೆಗೆ ಗುಡಿಸಿದ. ಸಾಹೇಬರು ಬಂದರು, ಮೋಟಾರಿನಿಂದ ಇಳಿಯದೆ ಹೋದರು. ದೊಡ್ಡವರು ನೋಡುವುದೇ ಹಾಗೆ. ಆದರೂ ಅಂದಿನಿಂದ ದಿನಾ ಆ ಮೂಲೆಯನ್ನು ಗುಡಿಸುವುದು ಈರಯ್ಯನಿಗೆ ನೇಮವಾಯಿತು.

ಮಳೆಗಾಲ ಕಾಲಿಟ್ಟಾಗ ತೋಟ ಮೂಕವಾಗಿತ್ತು. ಉಳಿದವು ಕಾಗೆ ಮತ್ತು ಪಾರಿವಾಳ. ಗುಲಾಬಿ, ಚೆಂಡುಹೂವಿನ ಗಿಡಗಳಿಗೆ ಹುಳು ಬಿದ್ದು ಎಲೆಯೆಲ್ಲ ಜಾಳಿಗೆಯಾಯಿತು. ದರೋಗಾ ಕೆಂಡವಾದ.

"ಹಕ್ಕಿ ಇಲ್ಲ ಸರಕಾರ್, ಅದಕ್ಕs ಹುಳ ಹೆಚ್ಚ್ಯಾವ," ಎಂದ ಈರಯ್ಯ.

"ಹಂಗಾದ್ರ ಹಕ್ಕಿ ಹಿಡಿದವನು ಯಾರು? ಎಂಟು ದಿನದಾಗ ಹೇಳು. ಇಲ್ಲಾಂದ್ರ ಕಂಬಳಿ ಸುತ್ತಿಕೊಂಡು ನಿನ್ನ ಊರಿಗೆ ನಡಿ."

ತೋಟ ಬಿಟ್ಟರೆ ಈರಯ್ಯನಿಗೆ ಬೇರೆ ಬದುಕೇ ಇರಲಿಲ್ಲ. ಅಂದಿನಿಂದ ಖಾಸಿಂನ ಬೆನ್ನಿಗೆ ಕಣ್ಣು ನೆಟ್ಟ. ಪಂಜರಕ್ಕೆ ಈಗ ಬಟ್ಟೆ ಯಾಕೆ ಹೊದಿಸುತ್ತಾನೆ? ಕೂಗದ ಹಕ್ಕಿಯನ್ನು ದಿನಾ ಯಾಕೆ ತರುತ್ತಾನೆ? ಸಾಕಿದ ಕೌಜುಗ ಕೂಗಿಸಿ ಕಾಡಿನದನ್ನು ಹಿಡಿಯುವವರನ್ನು ಅವನು ಸಂತೆಯಲ್ಲಿ ಕಂಡಿದ್ದ. ಏಳನೆಯ ದಿನ ನೀರಿನ ಚೀಲದ ಪಕ್ಕ ಎರಡು ಪುಕ್ಕ ಸಿಕ್ಕವು. ಪಂಜರದ ಹಕ್ಕಿಯೂ ಪುಕ್ಕ ಉದುರಿಸುತ್ತದೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ, ಅಥವಾ ಹೊಳೆಯಲು ಅವನೇ ಬಿಡಲಿಲ್ಲ. ನೆಟ್ಟಗೆ ಒಯ್ದು ದರೋಗಾನ ಮೇಜಿನ ಮೇಲಿಟ್ಟ.

ದರೋಗಾ ಖಾಸಿಂನನ್ನು ಕರೆಸಿ ಹಕ್ಕಿಗಳ್ಳ ಎಂದು ಗದರಿಸಿದ. ಖಾಸಿಂ ಒಮ್ಮೆ ಈರಯ್ಯನ ಮುಖ ನೋಡಿದ, ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ. ಅಂದೇ ಕೆಲಸ ಬಿಟ್ಟು, ಚೀಲ, ಪಂಜರ ಎತ್ತಿಕೊಂಡು ಮಾನ್ವಿಗೆ ಹೋದ. ನೋಡಿದೆಯಾ, ಕಳ್ಳನಿಗೆ ಮಾತೇ ಹೊರಡಲಿಲ್ಲ, ಎಂದುಕೊಂಡ ಈರಯ್ಯ.

ಹಕ್ಕಿಗಳೇನೂ ಮರಳಲಿಲ್ಲ.

ದೀಪಾವಳಿಗೆ ಮಸರಕಲ್‌ಗೆ ಹೋದಾಗ ಅಣ್ಣನ ಹೊಲದ ಬದುವಿನಲ್ಲಿ ಕೌಜುಗದ ಕೂಗು ಕೇಳಿತು. ಅಣ್ಣ ಮಹಾ ಸೋಮಾರಿ, ಬದುವಿನ ಕಂಟಿ ಕಡಿದವನಲ್ಲ. ಹೆಣ್ಣು ಕೌಜುಗವೊಂದು ಮುಳ್ಳಿನ ಕೆಳಗಿಂದ ಹೊರಬಂದು, ಕಾಲಿನಿಂದ ತರಗೆಲೆ ಕೆದರಿ, ಹುಳು ಹೆಕ್ಕಿ ನುಂಗಿತು. ಈರಯ್ಯ ಕೆಮ್ಮಿದ. ಅದು ಸರ್ರನೆ ಕಂಟಿಯೊಳಗೆ ನುಸುಳಿತು. ಪಿಕಳಾರಗಳು ಅಲ್ಲೇ ಮೇಲೆ, ಬೂದು ಹಕ್ಕಿಗಳು ಅಲ್ಲೇ ಕೆಳಗೆ. ತಾನು ಕಡಿದು ಗುಡಿಸಿದ ಮೂಲೆ ಅವನ ಕಣ್ಣೆದುರು ಬಂತು. ಹಬ್ಬದೂಟಕ್ಕೂ ನಿಲ್ಲದೆ ಮಾನ್ವಿಯ ದಾರಿ ಹಿಡಿದ.

ಖಾಸಿಂನ ಹೆಂಡತಿ ಅಮೀರ್ ಬೀ ನೀರಿನ ತಂಬಿಗೆ ಇಟ್ಟು ಒಳಗೆ ಹೋದಳು. ಈರಯ್ಯನಿಗೆ ಅದನ್ನು ಮುಟ್ಟುವ ಮುಖವಿರಲಿಲ್ಲ.

"ಹಕ್ಕಿ ಓಡಿಸಿದ್ದು ನಾನಂತ ನಿನಗ ಗೊತ್ತಿತ್ತೇನೋ ಖಾಸಿಂ?"

"ಕಂಟಿಗೆ ಕೊಡಲಿ ಹಾಕಿದ ದಿನಾನs ಗೊತ್ತಿತ್ರಿ."

"ಮತ್ತ ದರೋಗಾನ ಮುಂದ ಯಾಕ ಬಾಯಿ ಬಿಡ್ಲಿಲ್ಲ?"

"ಏನಂತ ಬಿಡ್ಲಿ? ಬಿಟ್ಟಿದ್ರ ನಿಮ್ಮ ನೌಕರಿ ಹೋಗ್ತಿತ್ತು. ನಾನು ನೀರು ಎಲ್ಲಿ ಬೇಕಾದ್ರೂ ಹೊರತೀನಿ. ತ್ವಾಟ ಬಿಟ್ರ ನಿಮಗ ಏನದ ಅಯ್ಯನೋರೆ?"

ಈರಯ್ಯ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಮರಳಿ ಬಾ ಎಂದು ಬೇಡಿಕೊಂಡ. ಕಳ್ಳನೆನಿಸಿಕೊಂಡ ಜಾಗಕ್ಕೆ ಬರುವುದಿಲ್ಲ ಎಂದ ಖಾಸಿಂ, ಹೊರಟವನ ಕೈಗೆ ಪಂಜರ ಕೊಟ್ಟ.

"ಮರುದನಿ ಕೊಡಾವ್ರು ಇಲ್ದ ಇದು ಕೂಗೋದs ಬಿಟ್ಟದ. ನಿಮ್ಮ ತ್ವಾಟದಾಗ ಎಲ್ಲ್ಯಾರ ಅಡಗೋ ಮರೆ ನೋಡಿ ಬಿಟ್ಟುಬಿಡ್ರಿ."

ರಾಯಚೂರಿಗೆ ಮರಳಿದ ಮರುದಿನ ಬೆಳಗ್ಗೆ ಈರಯ್ಯ ಪಂಜರ ಹಿಡಿದು ತೋಟವನ್ನು ಮೂರು ಸುತ್ತು ಸುತ್ತಿದ. ಹಕ್ಕಿಯೊಂದು ಅಡಗುವಷ್ಟು ಮರೆ ಎಲ್ಲೂ ಇರಲಿಲ್ಲ. ಗೇಟಿನ ಬಳಿ ಕೂತ ಬೆಕ್ಕಿಗೂ ಇಡೀ ನೆಲ ಕಾಣುತ್ತಿತ್ತು. ಅಷ್ಟು ಚೊಕ್ಕವಾಗಿ ಗುಡಿಸಿದ್ದ.

ಪಂಜರವನ್ನು ಬೇವಿಗೆ ತೂಗುಹಾಕಿ, ಕಸಬರಿಗೆ ತೆಗೆದುಕೊಂಡು ದರೋಗಾನ ಕಚೇರಿಗೆ ಹೋದ. ಅದನ್ನು ಮೇಜಿನ ಮೇಲೆ, ಅಂದು ಪುಕ್ಕ ಇಟ್ಟ ಜಾಗದಲ್ಲೇ ಇಟ್ಟ.

"ಕಳ್ಳ ಸಿಕ್ಕಾನ ಸರಕಾರ್," ಎಂದ. "ಖಾಸಿಂನ ಕರೆಸ್ರಿ. ನನ್ನ ಕಳಸ್ರಿ."